ಮೆಟ್ಟಿಲ ಕೆಳಗೆ ತಿರುಗುವ ಹಲ್ಲು

ಬೆಳಗಿನ ಐದೂ ಮುಕ್ಕಾಲು. ಮೂರಂತಸ್ತಿನ ಕಟ್ಟಡದ ಕಾವಲುಗಾರ ಗೇಟಿನ ದೀಪ ಆರಿಸಿ, ಪೊರಕೆ ಹಿಡಿದು ಮೆಟ್ಟಿಲ ಬುಡಕ್ಕೆ ಬರುತ್ತಾನೆ. ಎರಡನೇ ಮೆಟ್ಟಿಲ ಮೇಲೆ ಐವತ್ತೊಂದು ವರ್ಷದ ಹೆಂಗಸೊಬ್ಬರು ಕೂತಿದ್ದಾರೆ. ಅವನು ಬಂದಾಗ ಅವರು ಕಾಲೆತ್ತುತ್ತಾರೆ, ಅವನು ಅಡಿಯಲ್ಲಿ ಗುಡಿಸುತ್ತಾನೆ, ಅವರು ಕಾಲಿಳಿಸುತ್ತಾರೆ. ಇದು ದಿನಾ ನಡೆಯುವ ಕವಾಯತು. ಹೆಂಗಸಿನ ತೊಡೆಯ ಮೇಲೆ ಒಂದು ಹಳೇ ಲ್ಯಾಪ್‌ಟಾಪ್. ಕೀಲು ಮುರಿದ ಕಡೆ ಟೇಪು ಸುತ್ತಿದೆ. ಅದರ ಪರದೆಯಲ್ಲಿ ಮುಷ್ಟಿಗಾತ್ರದ ದವಡೆ ಹಲ್ಲೊಂದು ನಿಧಾನವಾಗಿ ತಿರುಗುತ್ತಿದೆ.

"ಈಗ ಮುಗ್ಗರಿಸ್ತು, ನೋಡಿದ್ರಾ?" ಎಂದು, ಪತ್ರಿಕೆಗೆ ಬರೆಯಲು ಬಂದಿರುವ ನನ್ನನ್ನು ಕೇಳುತ್ತಾರೆ.

ನೋಡಿಲ್ಲ. ಆ ಹೊತ್ತಿಗೆ ನಾನು ಎದ್ದು ಬಂದಿರುವುದೇ ದೊಡ್ಡ ವಿಷಯ, ಇನ್ನು ಹಲ್ಲು ಮುಗ್ಗರಿಸಿದ್ದು ಎಲ್ಲಿ ಕಾಣಬೇಕು. ಅವರು ಮತ್ತೊಮ್ಮೆ ತಿರುಗಿಸುತ್ತಾರೆ. ಈ ಸಲ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತೇನೆ. ಹೌದು, ಒಂದು ಸುತ್ತಿನ ನಡುವೆ ಹಲ್ಲು ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತು, ಆಮೇಲೆ ಒಂದು ಹೆಜ್ಜೆ ಹಾರಿ ಮುಂದಕ್ಕೆ ಹೋಗುತ್ತದೆ. "ಅಷ್ಟೇನಾ?" ಅಂದೆ. ಅಷ್ಟೇನಾ ಅಂದಿದ್ದಕ್ಕೆ ಅವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

"ಆ ಅಷ್ಟರಲ್ಲೇ ಒಬ್ಬ ಮನುಷ್ಯನ ಕೆಲಸ ಹೋಗ್ತಿತ್ತು" ಎನ್ನುತ್ತಾರೆ.

ಇದು ಹಲ್ಲಿನ ಲ್ಯಾಬು. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಇಲ್ಲಿಗೆ ಕಳಿಸುತ್ತಾರೆ. ಅಚ್ಚಿನಿಂದ ಕಂಪ್ಯೂಟರಿನಲ್ಲಿ ಚಿತ್ರವಾಗುತ್ತದೆ. ಹಲ್ಲು ತಿದ್ದುವವರು ಆ ಚಿತ್ರವನ್ನು ತಿರುಗಿಸಿ ತಿರುಗಿಸಿ, ಹೊಸ ಕ್ಯಾಪಿನ ಏರು, ತಗ್ಗು, ಗೆರೆ ಎಲ್ಲವನ್ನೂ ಮೌಸ್ ಹಿಡಿದೇ ಕೆತ್ತುತ್ತಾರೆ. ಆಮೇಲೆ ಯಂತ್ರ ಕೊರೆಯುತ್ತದೆ. ಆರು ವರ್ಷದಿಂದ ಈ ತಿದ್ದುವವರು ಮನೆಯಲ್ಲೇ ಕೂತು ಕೆಲಸ ಮಾಡುತ್ತಾರೆ. ಹದಿನಾಲ್ಕು ಜನ, ದಿನಕ್ಕೆ ಸುಮಾರು ನೂರು ಹಲ್ಲು. ಅವರ ಮನೆಯಲ್ಲಿರುವುದು ಸಾಧಾರಣ ಲ್ಯಾಪ್‌ಟಾಪು. ಭಾರ ಎಳೆಯುವ ಹದಿನಾಲ್ಕು ಕಂಪ್ಯೂಟರುಗಳು ಇಲ್ಲಿ ಮೂರನೇ ಮಹಡಿಯ ಕೋಣೆಯಲ್ಲಿವೆ. ರಿಮೋಟ್ ಡೆಸ್ಕ್‌ಟಾಪ್ ಎಂದರೆ ಇಷ್ಟೇ: ಕೈ ಅಲ್ಲಿ, ಯಂತ್ರ ಇಲ್ಲಿ, ನಡುವೆ ಒಂದು ತಂತಿ. ಆ ತಂತಿಯ ಮೇಲೆ ಚಿತ್ರ ಎಡವದೆ ಓಡಬೇಕು. ಓಡಿಸುವವರು ಇವರು, ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ 'ಮೆಟ್ಟಿಲಕ್ಕ'.

ಮೆಟ್ಟಿಲ ಬುಡವೇ ಯಾಕೆ? ಇಡೀ ಕಟ್ಟಡದಲ್ಲಿ ಮೊಬೈಲ್ ಸಿಗ್ನಲ್ ಅತಿ ಕೆಟ್ಟದಾಗಿರುವ ಜಾಗ ಅದು. ಅಲ್ಲಿ ಕೂತು, ತಮ್ಮ ಮೊಬೈಲಿನ ಇಂಟರ್ನೆಟ್ಟಿನಲ್ಲಿ, ಹದಿನಾಲ್ಕು ಯಂತ್ರಗಳಿಗೂ ಒಂದೊಂದಾಗಿ ಸಂಪರ್ಕ ಮಾಡಿ, ಅದೇ ಹಲ್ಲನ್ನು ಹತ್ತು ಸುತ್ತು ತಿರುಗಿಸುತ್ತಾರೆ. ಎಷ್ಟು ಸಲ ಮುಗ್ಗರಿಸಿತು ಎಂದು ಬೆರಳು ಮಡಿಸಿ ಎಣಿಸುತ್ತಾರೆ. ಐದಕ್ಕಿಂತ ಹೆಚ್ಚು ಬೆರಳು ಮಡಿಸಿದರೆ ಆ ಯಂತ್ರಕ್ಕೆ ಅಂದು ಅವರ ಮೊದಲ ಭೇಟಿ.

"ಇಲ್ಲಿ ಓಡಿದ್ರೆ ಯಾರ ಮನೇಲಾದ್ರೂ ಓಡುತ್ತೆ. ಮೇಲೆ ಮೆಷಿನ್ ರೂಮಲ್ಲಿ ಕೂತು ನೋಡಿದ್ರೆ ಎಲ್ಲಾನೂ ಚೆನ್ನಾಗೇ ಕಾಣುತ್ತೆ. ಅಡುಗೆ ಮಾಡಿದವಳೇ ರುಚಿ ಚೆನ್ನಾಗಿದೆ ಅಂದ್ರೆ ನಂಬೋಕಾಗುತ್ತಾ?"

ಇಷ್ಟು ಹೊತ್ತಿಗೇ ಬರಲು ಸಾಧ್ಯವಾಗಿರುವುದು ಗಂಡನಿಂದ. ಅವರು ಬಸ್ ಡ್ರೈವರ್, ಡಿಪೋದಿಂದ ಹೊರಡುವ ಮೊದಲ ಬಸ್ಸು ಅವರದು. ಮೊದಲ ಪ್ಯಾಸೆಂಜರು ಇವರು. "ಮೂವತ್ತು ವರ್ಷ ಆಯ್ತು ಮದುವೆಯಾಗಿ, ಇವತ್ತಿಗೂ ಟಿಕೆಟ್ ತಗೊಂಡೇ ಹತ್ತಬೇಕು. ಅಂಥ ಗಂಡ ಸಿಕ್ಕಿರೋದು ನನಗೆ" ಎಂದು ನಗುತ್ತಾರೆ. ನಗುವಾಗ ಎಡಗಡೆಯ ಕೆಳದವಡೆಯಲ್ಲಿ ಒಂದು ಹಲ್ಲು ಮಿಕ್ಕವಕ್ಕಿಂತ ತುಸು ಬೆಳ್ಳಗೆ ಕಾಣುತ್ತದೆ. ಆ ಹಲ್ಲಿನ ಕಥೆ ಆಮೇಲೆ.

ಇಪ್ಪತ್ತೆರಡನೇ ವಯಸ್ಸಿಗೆ ಈ ಲ್ಯಾಬಿಗೆ ಬಂದಾಗ ಅವರ ಕೆಲಸ ಅಚ್ಚುಗಳಿಗೆ ಪ್ಲಾಸ್ಟರ್ ಸುರಿಯುವುದು. ಹದಿನೆಂಟು ವರ್ಷ ಅದೇ. ಪುಡಿ ಕಲಸು, ಗುಳ್ಳೆ ಬಾರದಂತೆ ಅಲುಗಾಡಿಸು, ಸುರಿ, ಒಣಗಿಸು, ಬಿಡಿಸು. ಪ್ಲಾಸ್ಟರ್ ದೂಳು ಎದೆಗೆ ಇಳಿದು ಕೆಮ್ಮು ಹತ್ತಿತು. ಡಾಕ್ಟರು ದೂಳಿನ ಹತ್ತಿರ ಹೋಗಲೇಬೇಡಿ ಅಂದಾಗ ಮಾಲೀಕರು ಮನೆಗೆ ಕಳಿಸಲಿಲ್ಲ, ಅದನ್ನು ಹೇಳಲೇಬೇಕು. ಆಗತಾನೇ ಬಂದಿದ್ದ ಕಂಪ್ಯೂಟರುಗಳ ದೂಳು ಒರೆಸುವ ಕೆಲಸ ಕೊಟ್ಟರು. ಯಂತ್ರ ಕೆಟ್ಟಾಗ ಹೊರಗಿನಿಂದ ರಿಪೇರಿಯವನು ಬರುತ್ತಿದ್ದ. ಅವನಿಗೆ ಟಾರ್ಚ್ ಹಿಡಿದು ನಿಲ್ಲುವವರು ಇವರು. ಅವನು ಏನು ಬಿಚ್ಚಿದ, ಏನು ಒತ್ತಿದ, ಯಾವುದಕ್ಕೆ ಬೈದ, ಎಲ್ಲವನ್ನೂ ಗಮನಿಸಿದರು. ಎರಡು ವರ್ಷದಲ್ಲಿ ಅವನನ್ನು ಕರೆಸುವ ಅಗತ್ಯವೇ ಬೀಳಲಿಲ್ಲ. "ಟಾರ್ಚ್ ಹಿಡಿದು ಕಲಿತ ವಿದ್ಯೆ ನಂದು. ಸರ್ಟಿಫಿಕೇಟ್ ಕೇಳ್ಬೇಡಿ" ಎನ್ನುತ್ತಾರೆ.

ಮೂರನೇ ಮಹಡಿಗೆ ಹತ್ತುತ್ತೇವೆ. ಅವರು ಸರಸರ, ನಾನು ಏದುಸಿರು. ಮೆಷಿನ್ ರೂಮಿನಲ್ಲಿ ಒಂದೂ ಕುರ್ಚಿ ಇಲ್ಲ, ಒಂದೂ ಪರದೆ ಇಲ್ಲ. ಕಪಾಟಿನಂಥ ಚೌಕಟ್ಟುಗಳಲ್ಲಿ ಹದಿನಾಲ್ಕು ಪೆಟ್ಟಿಗೆಗಳು ಗುಯ್ ಎನ್ನುತ್ತಿವೆ. ಪ್ರತಿ ಪೆಟ್ಟಿಗೆಯ ಬೆನ್ನಿಗೂ, ಪರದೆಯ ತಂತಿ ಸಿಕ್ಕಿಸುವ ಜಾಗದಲ್ಲಿ, ಹೆಬ್ಬೆರಳ ಗಾತ್ರದ ಒಂದು ಕರಿ ಪ್ಲಗ್. ತಂತಿ ಮಾತ್ರ ಇಲ್ಲ.

"ಇದು ಸುಳ್ಳು ಪರದೆ" ಎಂದು ಒಂದನ್ನು ತೋರಿಸುತ್ತಾರೆ. "ಚಿತ್ರ ಎಳೆಯೋ ಗ್ರಾಫಿಕ್ಸ್ ಕಾರ್ಡ್ ಅಂತ ಒಳಗೊಂದಿದೆಯಲ್ಲ, ಅದು ಭಾರೀ ಕಳ್ಳ. ಪರದೆ ಸಿಕ್ಕಿಸಿಲ್ಲ ಅಂದ್ರೆ, ಯಾರೂ ನೋಡ್ತಿಲ್ವಲ್ಲ, ನಾನ್ಯಾಕೆ ಮೈ ಬಗ್ಗಿಸ್ಲಿ ಅಂತ ಸುಮ್ನೆ ಕೂತುಬಿಡುತ್ತೆ. ಈ ಪ್ಲಗ್ ಹಾಕಿದ್ರೆ, ಓಹೋ ಯಾರೋ ನೋಡ್ತಿದ್ದಾರೆ ಅಂದ್ಕೊಂಡು ದುಡಿಯುತ್ತೆ."

ಯಾರೂ ನೋಡದಿದ್ದರೂ ದುಡಿಯುವ ಜಾತಿಯೂ ಉಂಟಲ್ಲ ಅಕ್ಕಾ ಎಂದು ನಾನು ತಮಾಷೆ ಮಾಡಿದರೆ, "ಸಾಕು, ಪೇಪರಿನವರ ಮಾತು" ಎಂದು ತಳ್ಳಿಹಾಕುತ್ತಾರೆ.

ಒಮ್ಮೆ ಕಾವಲುಗಾರ ಈ ಕೋಣೆ ಗುಡಿಸಲು ಬಂದು, ಹದಿನಾಲ್ಕು ಪ್ಲಗ್ಗುಗಳು ಸುಮ್ಮನೆ ಜೋತುಬಿದ್ದಿರುವುದನ್ನು ಕಂಡು ಮರುಗಿದ. ಹೊಸ ಸಾಮಾನು ಹೀಗೆ ಹಾಳಾಗಬಾರದು ಎಂದು ಎಲ್ಲವನ್ನೂ ಕಿತ್ತು, ಒರೆಸಿ, ಒಂದು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟ. ಒಂಬತ್ತು ಗಂಟೆಗೆ ಹದಿನಾಲ್ಕು ಮನೆಗಳಿಂದ ಹದಿನಾಲ್ಕು ಫೋನು. ಈಗ ಪ್ರತಿ ಪ್ಲಗ್ಗಿನ ಪಕ್ಕದಲ್ಲೂ ಒಂದು ಚೀಟಿ ಅಂಟಿದೆ: 'ಮುಟ್ಟಬೇಡಿ, ಕೆಲಸ ಮಾಡ್ತಿದೆ.' ಕಾವಲುಗಾರನ ಪೊರಕೆ ಎರಡನೇ ಮಹಡಿಗೇ ನಿಲ್ಲುತ್ತದೆ.

ಇನ್ನು ಆ ಮನುಷ್ಯನ ಕಥೆಗೆ ಬರೋಣ. ಅವರನ್ನು ಇಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಲ್ಯಾಬಿನ ಅರ್ಧ ಜನಕ್ಕೆ ಹಲ್ಲು ತಿದ್ದುವುದನ್ನು ಕಲಿಸಿದವರು. ಅರವತ್ತಮೂರು ವರ್ಷ. ಕಂಪ್ಯೂಟರ್ ಬರುವ ಮುಂಚೆ ಮೇಣದಲ್ಲಿ ಕೆತ್ತುತ್ತಿದ್ದರು. ಅವರು ತಿದ್ದಿದ ಹಲ್ಲು ಡಾಕ್ಟರಿಂದ ವಾಪಸು ಬರುವುದು ವರ್ಷಕ್ಕೆ ಒಂದೋ ಎರಡೋ. "ಒಳ್ಳೇ ಹಲ್ಲು ಅಂದ್ರೆ ಬಾಯಲ್ಲಿ ಇರೋದೇ ಗೊತ್ತಾಗಬಾರದು" ಎನ್ನುವುದು ಅವರ ಮಾತು. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಅಲ್ಲಿಯವರೆಗೆ ಹಟ ಹಿಡಿದು ಲ್ಯಾಬಿಗೇ ಬರುತ್ತಿದ್ದವರು ಅವರೊಬ್ಬರೇ. ಮೂರು ಮಹಡಿ ಹತ್ತುವುದು ಇನ್ನು ಸಾಧ್ಯವೇ ಇಲ್ಲ ಎಂದಾದ ಮೇಲೆ ಅವರಿಗೂ ಲ್ಯಾಪ್‌ಟಾಪ್ ಹೋಯಿತು.

ಮೊದಲ ವಾರವೇ ತಕರಾರು. ಚಿತ್ರ ನಿಂತು ನಿಂತು ಓಡುತ್ತದೆ, ಕೆತ್ತಲು ಆಗುತ್ತಿಲ್ಲ. ಮೆಟ್ಟಿಲಕ್ಕ ಮೆಷಿನ್ ರೂಮಿನಲ್ಲಿ ನೋಡಿದರು, ಎಲ್ಲ ಸರಿಯಾಗಿದೆ. ಮಿಕ್ಕ ಹದಿಮೂರು ಜನರಿಗೂ ಸರಿಯಾಗಿದೆ. ಆಗ ಅವರೊಂದು ಉಪಾಯ ಮಾಡಿದರು. ಫೋನಿನಲ್ಲೇ ಮೇಷ್ಟ್ರಿಗೆ ಹೇಳಿಕೊಟ್ಟು, ಅವರ ಲ್ಯಾಪ್‌ಟಾಪಿನಲ್ಲಿ ಬಣ್ಣಗಳ ಸಂಖ್ಯೆ ಕಡಿಮೆ ಮಾಡಿಸಿದರು. ಬಣ್ಣ ಕಡಿಮೆಯಾದರೆ ತಂತಿಯ ಮೇಲಿನ ಭಾರ ಕಡಿಮೆ, ಭಾರ ಕಡಿಮೆಯಾದರೆ ಓಟ ಹೆಚ್ಚು. "ಆಹಾ, ಈಗ ಪರವಾಗಿಲ್ಲ ತಾಯಿ" ಎಂದರು ಮೇಷ್ಟ್ರು. ಮೆಟ್ಟಿಲಕ್ಕ ಅಂದು ಖುಷಿಯಾಗಿ ಬಸ್ಸು ಹತ್ತಿದರು.

ಎರಡು ವಾರ ಕಳೆಯುವಷ್ಟರಲ್ಲಿ ಹಲ್ಲುಗಳು ವಾಪಸು ಬರತೊಡಗಿದವು. ನಲವತ್ತರಲ್ಲಿ ಒಂಬತ್ತು. ಒಂದು ಎತ್ತರವಾಗಿದೆ, ಇನ್ನೊಂದರ ಗೆರೆ ಆಳವಾಗಿದೆ, ಮತ್ತೊಂದನ್ನು ಕಚ್ಚಿದರೆ ರೋಗಿ ಕಿರುಚುತ್ತಾನೆ. ಮೇಷ್ಟ್ರು ಚಿತ್ರ ಸರಿಯಿಲ್ಲ ಎಂದು ಇನ್ನೊಮ್ಮೆ ಹೇಳಿದಾಗ ಮಾಲೀಕರಿಗೆ ತಾಳ್ಮೆ ಕೆಟ್ಟಿತು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದುಬಿಟ್ಟರು. ತಿಂಗಳ ಕೊನೆಯವರೆಗೆ ನೋಡೋಣ, ಸರಿಹೋಗದಿದ್ದರೆ ಮೇಷ್ಟ್ರು ವಿಶ್ರಾಂತಿ ತಗೊಳ್ಳಲಿ ಎಂದರು. ವಿಶ್ರಾಂತಿ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದು, ಮೇಷ್ಟ್ರೂ ಅದನ್ನು ನಂಬಿದರು. ಅವರ ಹೆಂಡತಿ ಮೆಟ್ಟಿಲಕ್ಕನಿಗೆ ಫೋನ್ ಮಾಡಿ ಅತ್ತರು. "ದಿನವೆಲ್ಲಾ ಕೈ ಮುಂದಕ್ಕೆ ಚಾಚಿಕೊಂಡು ನೋಡ್ತಾ ಕೂತಿರ್ತಾರಮ್ಮ. ನಡುಗ್ತಿದೆಯಾ ನೋಡು, ನಡುಗ್ತಿದೆಯಾ ನೋಡು ಅಂತಾರೆ. ನನಗೇನೂ ಕಾಣಲ್ಲ. ಸುಳ್ಳು ಹೇಳ್ತೀಯ ಅಂತ ನನ್ನ ಮೇಲೇ ರೇಗ್ತಾರೆ."

ಮೆಟ್ಟಿಲಕ್ಕ ಭಾನುವಾರ ಅವರ ಮನೆಗೆ ಹೋದರು. ಅಷ್ಟು ವರ್ಷದಲ್ಲಿ ತಿದ್ದುವವರೊಬ್ಬರ ಮನೆಗೆ ಅವರು ಕಾಲಿಟ್ಟಿದ್ದು ಅದೇ ಮೊದಲು. ಮೇಷ್ಟ್ರು ರಾಜೀನಾಮೆ ಬರೆದಿಟ್ಟಿದ್ದರು. "ವಯಸ್ಸಾಯ್ತು ತಾಯಿ, ಕೈ ಹೋಯ್ತು. ನೀನ್ಯಾಕೆ ಇಷ್ಟು ದೂರ ಬಂದೆ" ಎಂದರು. ಮೆಟ್ಟಿಲಕ್ಕ ಮೇಷ್ಟ್ರನ್ನು ಕೆಲಸಕ್ಕೆ ಕೂರಿಸಿ, ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿದರು. ಅವರ ಕೈ, ಮೌಸು, ಪರದೆ ಮೂರೂ ಒಟ್ಟಿಗೆ ಕಾಣುವಂತೆ ನಿಧಾನಗತಿಯ ವಿಡಿಯೋ ತೆಗೆದರು. ಆಮೇಲೆ ಅದನ್ನು ಮೇಷ್ಟ್ರ ಮುಂದೆ ಹಿಡಿದರು.

ವಿಡಿಯೋದಲ್ಲಿ ಮೇಷ್ಟ್ರ ಕೈ ಸಲೀಸಾಗಿ ಸರಿಯುತ್ತದೆ, ನಿಲ್ಲಬೇಕಾದ ಕಡೆ ನಿಲ್ಲುತ್ತದೆ. ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಕೈ ನಿಂತ ಮೇಲೂ ಪರದೆಯ ಹಲ್ಲು ಸುಮ್ಮನಿರುತ್ತದೆ. ಆಮೇಲೆ, ಯಾರೋ ತಳ್ಳಿದ ಹಾಗೆ, ಒಂದೇ ಸಲ ಹಾರುತ್ತದೆ.

"ಮೇಷ್ಟ್ರೇ, ಸರಿಯಾಗಿ ನೋಡಿ. ನಡುಗ್ತಿರೋದು ಯಾವುದು?" ಎಂದು ಕೇಳಿದೆ ಎನ್ನುತ್ತಾರೆ ಮೆಟ್ಟಿಲಕ್ಕ. "ಅವರು ಎಂಟು ಸಲ ನೋಡಿದ್ರು. ಕನ್ನಡಕ ತೆಗೆದು ಒರೆಸಿಕೊಂಡ್ರು, ಮತ್ತೆ ಹಾಕಿಕೊಂಡ್ರು. ಕಾಫಿ ತರ್ತೀನಿ ಅಂತ ಅವರ ಹೆಂಡ್ತಿ ಒಳಗೆ ಹೋದವರು ಬಹಳ ಹೊತ್ತು ಬರ್ಲೇ ಇಲ್ಲ."

ಕಾಯುವ ಹೊತ್ತಿನಲ್ಲಿ ಕಾರಣ ಹುಡುಕಿದರು. ವೈಫೈ ಪೆಟ್ಟಿಗೆ ನಡುಮನೆಯಲ್ಲಿ, ಮೇಷ್ಟ್ರು ಕೂತು ಕೆಲಸ ಮಾಡುವ ಮಂಚ ಒಳಕೋಣೆಯಲ್ಲಿ, ಎರಡರ ನಡುವೆ ಸರಿಯಾಗಿ ಗೋಡೆಯುದ್ದ ಒಂದು ಮೀನಿನ ತೊಟ್ಟಿ. ಮೇಷ್ಟ್ರ ಹೆಂಡತಿಯದು, ಬಣ್ಣಬಣ್ಣದ ಇಪ್ಪತ್ತಾರು ಮೀನು. ವೈಫೈ ಗೋಡೆ ದಾಟೀತು, ಅಷ್ಟು ನೀರನ್ನು ದಾಟುವುದು ಕಷ್ಟ. ಹಲ್ಲಿನ ಚಿತ್ರವೆಲ್ಲ ಆ ನೀರಿನಲ್ಲಿ ಮುಳುಗಿ ಏಳುತ್ತಿತ್ತು. "ಅಯ್ಯೋ ನನ್ನ ಮೀನುಗಳೇ ಇವರ ಅನ್ನ ಕಿತ್ಕೊಳ್ತಿದ್ವಾ!" ಎಂದು ಆಕೆ ಕಾಫಿಯ ತಟ್ಟೆ ಹಿಡಿದೇ ಕೂತುಬಿಟ್ಟರಂತೆ. ಮೀನುಗಳನ್ನು ಮುಟ್ಟಬೇಕಾಗಿ ಬರಲಿಲ್ಲ. ಚೀಲದಲ್ಲಿ ತಂದಿದ್ದ ತಂತಿಯನ್ನು ಗೋಡೆಯಂಚಿಗೆ ಮೊಳೆ ಹೊಡೆದು ಎಳೆದು, ನೇರವಾಗಿ ಲ್ಯಾಪ್‌ಟಾಪಿಗೇ ಸಿಕ್ಕಿಸಿದರು. ಮುಗ್ಗರಿಸುವುದು ನಿಂತಿತು.

ಇಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ ಸಲೀಸಾಗಿ ತಿರುಗುತ್ತಿದ್ದ ಆ ಹಲ್ಲನ್ನೇ ನೋಡುತ್ತಾ ನಿಂತಾಗ ಮೆಟ್ಟಿಲಕ್ಕನಿಗೆ ಇನ್ನೊಂದು ತಪ್ಪು ಕಂಡಿತು. ಹದಿನೆಂಟು ವರ್ಷ ಮೇಷ್ಟ್ರ ಹಲ್ಲುಗಳ ಜೊತೆ ಪ್ಲಾಸ್ಟರಿನಲ್ಲಿ ಕಾಲ ಕಳೆದವರು ಅವರು. ಮೇಷ್ಟ್ರ ಗೆರೆ ಹೇಗೆ ಇಳಿಯುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲರು. ಈ ಪರದೆಯಲ್ಲಿ ಆ ಇಳಿಜಾರು ಇರಲಿಲ್ಲ. ಬಿಳುಪು, ಆಮೇಲೆ ಒಮ್ಮೆಗೇ ಬೂದು, ಆಮೇಲೆ ಒಮ್ಮೆಗೇ ಕಪ್ಪು, ಪಟ್ಟಿ ಪಟ್ಟಿ. ಬಣ್ಣ ಕಡಿಮೆ ಮಾಡಿಸಿದ್ದು ಅವರೇ. ಬಣ್ಣದ ಜೊತೆ ಆಳವೂ ಹೋಗಿತ್ತು. ಕಾಣದ ಆಳವನ್ನು ಹುಡುಕುತ್ತಾ ಮೇಷ್ಟ್ರು ಇನ್ನಷ್ಟು ಕೆತ್ತುತ್ತಿದ್ದರು.

"ಕೈ ಕೆಟ್ಟಿದೆ ಅಂತ ಎಲ್ಲರೂ ಅಂದ್ರಲ್ಲ, ನಿಜ. ಕೆಟ್ಟಿದ್ದು ನನ್ನ ಕೈ" ಎನ್ನುತ್ತಾರೆ. ವರ್ಷವಾಗುತ್ತ ಬಂದರೂ ಈ ಮಾತು ಹೇಳುವಾಗ ದನಿ ಇಳಿಯುತ್ತದೆ. "ನನ್ನ ಪರದೇಲಿ ಎಲ್ಲಾ ಬಣ್ಣಾನೂ ಇತ್ತು, ಅದಕ್ಕೇ ನನಗೆ ಗೊತ್ತಾಗ್ಲಿಲ್ಲ. ಅವರ ಜಾಗದಲ್ಲಿ ಕೂತು ಒಂದು ದಿನಾನೂ ನೋಡಿರ್ಲಿಲ್ಲ."

ಬಣ್ಣ ಮರಳಿ ಹಾಕಿದರು. ಸೋಮವಾರ ಬೆಳಿಗ್ಗೆ ಮಾಲೀಕರ ಕೋಣೆಗೆ ಹೋಗಿ ವಿಡಿಯೋ ತೋರಿಸಿ, "ಈ ಸಲ ನೆಲಾನೇ ಡೊಂಕು ಸಾರ್. ಅರ್ಧ ಡೊಂಕು ಮೀನಿನದು, ಅರ್ಧ ನಂದು" ಎಂದರು. ಮಾಲೀಕರು ನಗಲಿಲ್ಲ. ತಿಂಗಳ ಕೊನೆಗೆ ಇನ್ನು ಆರು ದಿನ. ಡಾಕ್ಟರುಗಳು ಮೇಷ್ಟ್ರ ಹಲ್ಲು ಬೇಡ ಎನ್ನತೊಡಗಿದ್ದಾರೆ, ಇನ್ನೊಬ್ಬ ರೋಗಿಯ ಬಾಯಿಯಲ್ಲಿ ಪರೀಕ್ಷೆ ಮಾಡಲು ನಾನು ತಯಾರಿಲ್ಲ ಎಂದರು. ಅದೂ ನ್ಯಾಯವೇ.

"ರೋಗಿ ಬಾಯಿ ಬೇಡ ಸಾರ್. ನನ್ನದೇ ತಗೊಳ್ಳಿ" ಎಂದರು ಮೆಟ್ಟಿಲಕ್ಕ.

ಹಲ್ಲಿನ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಇದ್ದವರ ಬಾಯಲ್ಲೇ ಎಂಟು ತಿಂಗಳಿಂದ ಒಂದು ತಾತ್ಕಾಲಿಕ ಕ್ಯಾಪು ಅಲ್ಲಾಡುತ್ತಿತ್ತು. ಇವತ್ತು, ನಾಳೆ ಎಂದು ಮುಂದೂಡಿಕೊಂಡೇ ಬಂದಿದ್ದರು. ಎಡಗಡೆ ಅಗಿಯುವುದನ್ನೇ ಬಿಟ್ಟಿದ್ದರು. "ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ. ನೀನು ಅಂಗಡೀನೇ ಇಟ್ಕೊಂಡು ಉಪವಾಸ ಕೂತವಳು" ಎಂದು ಗಂಡ ಬಸ್ಸಿನಲ್ಲೇ ರೇಗಿಸುತ್ತಿದ್ದರು. ಅಂದು ಡಾಕ್ಟರ ಹತ್ತಿರ ಹೋಗಿ ಅಚ್ಚು ತೆಗೆಸಿಕೊಂಡು ಬಂದರು. ಮೂಗಿಗೆ ಎರಡು ಸುತ್ತು ಬಟ್ಟೆ ಕಟ್ಟಿ, ಹತ್ತು ವರ್ಷದ ಮೇಲೆ ಪ್ಲಾಸ್ಟರ್ ಬಟ್ಟಲು ಹಿಡಿದು, ತಮ್ಮ ದವಡೆಗೆ ತಾವೇ ಪ್ಲಾಸ್ಟರ್ ಸುರಿದರು. ಒಂದು ಗುಳ್ಳೆ ಬರಲಿಲ್ಲವಂತೆ. ಇದನ್ನು ನನಗೆ ಎರಡು ಸಲ ಹೇಳಿದರು.

ಮೇಷ್ಟ್ರು ಆ ಒಂದು ಹಲ್ಲಿಗೆ ಇಡೀ ಬೆಳಿಗ್ಗೆ ತೆಗೆದುಕೊಂಡರು. ಮೆಟ್ಟಿಲಕ್ಕ ಅಷ್ಟು ಹೊತ್ತೂ ಮೆಟ್ಟಿಲ ಬುಡದಲ್ಲಿ ಹಳೇ ಲ್ಯಾಪ್‌ಟಾಪ್ ಹಿಡಿದು ಕೂತಿದ್ದರು. ಆ ಜಾಗ ಅವರಿಗೆ ಅಂಟಿಕೊಂಡಿದ್ದು ಅಂದಿನಿಂದ. ಕ್ಯಾಪು ಕೂರಿಸುವ ದಿನ ಮಾಲೀಕರು ಸ್ವತಃ ಡಾಕ್ಟರ ಕೋಣೆಗೆ ಬಂದು ಕೈಕಟ್ಟಿ ನಿಂತರು. ಡಾಕ್ಟರು ಕ್ಯಾಪು ಕೂರಿಸಿ, ಬಣ್ಣದ ಕಾಗದದ ಚೂರನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿದರು. ಹಲ್ಲು ಎತ್ತರವಾಗಿದ್ದರೆ ಅಲ್ಲಿ ಮಾತ್ರ ಗಾಢ ಗುರುತು ಬೀಳುತ್ತದೆ, ಆಗ ಡ್ರಿಲ್ ಹಿಡಿದು ಸವೆಸಬೇಕು. ಸವೆಸದೆ ಕೂರುವ ಹಲ್ಲು ಅಪರೂಪ. ಡಾಕ್ಟರು ಬಗ್ಗಿ ನೋಡಿದರು. ಇನ್ನೊಂದು ಕಾಗದ ಇಟ್ಟು ಮತ್ತೆ ಕಚ್ಚಿಸಿದರು. ಆಮೇಲೆ, ಕೈಗೆತ್ತಿಕೊಂಡಿದ್ದ ಡ್ರಿಲ್ಲನ್ನು ಹಾಗೇ ವಾಪಸು ಸಿಕ್ಕಿಸಿ, "ಇದನ್ನು ಮಾಡಿದ್ಯಾರು?" ಎಂದು ಕೇಳಿದರು.

ಮಾಲೀಕರೇ ಉತ್ತರ ಕೊಟ್ಟರು. ಕೊಟ್ಟ ಮೇಲೆ ಹೊರಗೆ ಹೋಗಿ ಮೇಷ್ಟ್ರಿಗೆ ಫೋನ್ ಮಾಡಿದರು. ಏನು ಮಾತಾಡಿದರೋ ಗೊತ್ತಿಲ್ಲ. ಬರೆದಿಟ್ಟಿದ್ದ ರಾಜೀನಾಮೆಯ ಹಿಂಬದಿಯಲ್ಲಿ ಈಗ ಮೇಷ್ಟ್ರ ಹೆಂಡತಿಯ ಕೈಬರಹದಲ್ಲಿ ಮೀನಿನ ತೊಟ್ಟಿಯ ನೀರು ಬದಲಿಸಿದ ತಾರೀಖುಗಳಿವೆ.

ಅದಾಗಿ ಹನ್ನೊಂದು ತಿಂಗಳು. ಮೇಷ್ಟ್ರು ದಿನಕ್ಕೆ ಎಂಟು ಹಲ್ಲು ತಿದ್ದುತ್ತಾರೆ, ಇಲ್ಲಿಯವರೆಗೆ ವಾಪಸು ಬಂದದ್ದು ಒಂದು. ಮೆಟ್ಟಿಲಕ್ಕ ಹದಿನಾಲ್ಕು ಮನೆಗಳಿಗೂ ಹೋಗಿ ಬಂದಿದ್ದಾರೆ. ಒಬ್ಬರ ಮನೆಯಲ್ಲಿ ವೈಫೈ ಪೆಟ್ಟಿಗೆ ಕಬ್ಬಿಣದ ಬೀರುವಿನೊಳಗಿತ್ತು, ಕಳ್ಳರ ಭಯಕ್ಕೆ. ಇನ್ನೊಬ್ಬರು ಪರದೆಯ ಹಿನ್ನೆಲೆಯಲ್ಲಿ ಹರಿಯುವ ಜಲಪಾತ ಇಟ್ಟುಕೊಂಡಿದ್ದರು. ತಂತಿ ದಿನವಿಡೀ ನೀರು ಹೊರುತ್ತಿತ್ತು. ಇದನ್ನೆಲ್ಲ ಹೇಳುವಾಗ ಅವರಿಗೆ ಸಿಟ್ಟಿಲ್ಲ, ಭಾರೀ ಖುಷಿ.

ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆ. "ಮೇಷ್ಟ್ರ ಹತ್ರ ಕೂತು ಒಂದೇ ಒಂದು ಹಲ್ಲು ನಾನೇ ತಿದ್ದಬೇಕು. ಚಿಕ್ಕದಾದ್ರೂ ಸಾಕು. ಮುಂದಿನ ಭಾನುವಾರ ಬಾ ಅಂದಿದ್ದಾರೆ" ಎನ್ನುತ್ತಾರೆ.

ಹನ್ನೊಂದು ಗಂಟೆ. ಚೀಲದಿಂದ ಹುರಿದ ಕಡಲೆಯ ಪೊಟ್ಟಣ ತೆಗೆದು ನನಗೂ ಕೊಟ್ಟು, ತಾವು ಎಡಗಡೆಯಲ್ಲೇ ಕಟಂ ಕಟಂ ಅಗಿಯುತ್ತಾರೆ. ಫೋನ್ ರಿಂಗಾಗುತ್ತದೆ. ದಿನಾ ಇದೇ ಹೊತ್ತಿಗೆ ಬರುವ ಫೋನು, ನನಗೂ ಕೇಳಲಿ ಎಂದು ಸ್ಪೀಕರ್ ಹಾಕುತ್ತಾರೆ.

"ಮೇಷ್ಟ್ರೇ, ಚಿತ್ರ ಹೇಗಿದೆ?"

"ನಡುವೆ ತಂತಿ ಇರೋದೇ ಗೊತ್ತಾಗ್ತಿಲ್ಲ ತಾಯಿ. ಹಲ್ಲು ಹೇಗಿದೆ?"

ಮೆಟ್ಟಿಲಕ್ಕ ಬಾಯಲ್ಲಿದ್ದ ಕಡಲೆಯನ್ನು ನುಂಗಿಕೊಂಡು ಹೇಳುತ್ತಾರೆ.

"ಇರೋದೇ ಗೊತ್ತಾಗ್ತಿಲ್ಲ."